ಸಡ್ಬರಿ ಡೈರಿ, ಕಂತು 6: ಕಪ್ಪು ಬಂಡೆ, ಹಸಿರು ಗುಡ್ಡ

(1)
ಹೋದ ಕಂತು ಓದಿ ಮೆಸೇಜ್ ಹಾಕಿದವರಲ್ಲಿ ಅರ್ಧ ಜನ ಕೇಳಿದ್ದು ಒಂದೇ ಪ್ರಶ್ನೆ: "ಕೆನಡಾ ಅಂದ್ರೆ ಟೊರಾಂಟೊ, ವ್ಯಾಂಕೂವರ್ ತಾನೇ? ಈ ಸಡ್ಬರಿ ಎಲ್ಲಿಂದ ಬಂತು?" ಅದಕ್ಕೇ ಈ ಸಲ ನನ್ನ ಕಾಲೇಜು, ಅಡುಗೆ, ಬಾಡಿಗೆ ಯಾವುದೂ ಇಲ್ಲ. ಊರಿನ ಕಥೆ ಮಾತ್ರ. ಬಂಗಾರಪೇಟೆ, ಕೆ.ಜಿ.ಎಫ್ ಕಡೆಯ ನನ್ನ ಕ್ಲಾಸ್‌ಮೇಟ್ಸ್ ಕೊನೇ ಫೋಟೋವರೆಗೂ ಬರಲೇಬೇಕು. ಯಾಕಂದ್ರೆ ಇದು ಅರ್ಧ ನಮ್ಮೂರಿನ ಕಥೇನೂ ಹೌದು.

ಒಂದು ಮಾತು ಮೊದಲೇ ಹೇಳ್ತೀನಿ. ಕೆನಡಾದ ಪ್ರತಿ ಊರೂ ಒಂದು ಕಾರಣಕ್ಕೆ ಅಲ್ಲಿ ಹುಟ್ಟಿದೆ. ವ್ಯಾಂಕೂವರ್‌ಗೆ ಬಂದರು, ವಿನ್ನಿಪೆಗ್‌ಗೆ ಎರಡು ನದಿಗಳ ಸಂಗಮ, ಹ್ಯಾಮಿಲ್ಟನ್‌ಗೆ ಉಕ್ಕು, ಕ್ಯಾಲ್ಗರಿಯ ದೊಡ್ಡ ದೊಡ್ಡ ಆಫೀಸುಗಳಿಗೆ ತೈಲ. ಆ ಕಾರಣ ತಿಳಿದ್ರೆ ಅಲ್ಲಿ ಯಾವ ಕೆಲಸ ಸಿಗುತ್ತೆ, ಚಳಿ ಎಷ್ಟಿರುತ್ತೆ, ಕಷ್ಟ ಬಂದ್ರೆ ಎಲ್ಲಿಂದ ಬರುತ್ತೆ ಅನ್ನೋದು ಸುಮಾರಾಗಿ ಗೊತ್ತಾಗುತ್ತೆ. ಸಡ್ಬರಿ ಹುಟ್ಟಿದ ಕಾರಣ ನೆಲದೊಳಗಿದೆ.

(2)
ಎರಡನೇ ಫೋಟೋ ಮ್ಯಾಪ್‌ದು. ಟೊರಾಂಟೊದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಹೈವೇಲಿ ನಾಲ್ಕು ಗಂಟೆ ದಾಟುತ್ತೆ. ದಾರಿಯಲ್ಲಿ ಹೊಲಗಳು ಮುಗಿದು ಬರೀ ಬಂಡೆ, ಪೈನ್ ಮರ, ಕೆರೆ ಶುರುವಾಗ್ತವೆ. ಈ ಬಂಡೆ ಹಾಸಿಗೆ ಹೆಸರು ಕೆನಡಿಯನ್ ಶೀಲ್ಡ್. ಭೂಮಿಯ ಅತ್ಯಂತ ಹಳೇ ಕಲ್ಲುಗಳಲ್ಲಿ ಇದೂ ಒಂದು.

ಗ್ರೇಟರ್ ಸಡ್ಬರಿಯ ವಿಸ್ತೀರ್ಣ ಸುಮಾರು 3,200 ಚದರ ಕಿ.ಮೀ. ನಮ್ಮ ಇಡೀ ಕೋಲಾರ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು, ಅಷ್ಟೇ. ಆದ್ರೆ ಜನ ಎಷ್ಟು ಗೊತ್ತಾ? 2021ರ ಗಣತಿಯಲ್ಲಿ 1,66,004. ನಗರದ ಗಡಿಯೊಳಗೇ 330 ಕೆರೆಗಳಿವೆ. ಬೇಸಿಗೆ ಬಂದ್ರೆ ಒಣಗೋ ಕೆರೆಗಳನ್ನು ನೋಡ್ತಾ ಬೆಳೆದ ನನಗೆ ಇದೊಂದು ಮಾತ್ರ ಇನ್ನೂ ಅಭ್ಯಾಸ ಆಗಿಲ್ಲ. ಬಸ್ಸಿನ ಕಿಟಕಿಯಲ್ಲಿ ಒಂದು ಕೆರೆ ಮುಗಿಯೋದ್ರೊಳಗೆ ಇನ್ನೊಂದು ಬಂದಿರುತ್ತೆ.

ಈ ನೆಲ ಮೊದಲಿಂದಲೂ ಅನಿಶಿನಾಬೆ ಜನರದ್ದು. 1850ರ ರಾಬಿನ್ಸನ್-ಹ್ಯೂರಾನ್ ಒಪ್ಪಂದದ ವ್ಯಾಪ್ತಿಗೆ ಬರೋ ಪ್ರದೇಶ ಇದು. ಅಟಿಕಮೆಕ್‌ಶೆಂಗ್, ವಹ್ನಾಪಿಟೇ ಸಮುದಾಯಗಳು ಈಗಲೂ ಇಲ್ಲೇ ಇವೆ. ಊರಿನ ಹೆಸರು ಮಾತ್ರ ಇಂಗ್ಲೆಂಡಿಂದ ಬಂದದ್ದು. ರೈಲ್ವೆ ಕಾಮಗಾರಿ ನೋಡ್ಕೊಳ್ತಿದ್ದ ಅಧಿಕಾರಿಯೊಬ್ಬರು ತಮ್ಮ ಹೆಂಡತಿಯ ತವರೂರಿನ ಹೆಸರನ್ನೇ ಇಟ್ಟುಬಿಟ್ಟರಂತೆ.

(3)
ಈಗ 185 ಕೋಟಿ ವರ್ಷ ಹಿಂದಕ್ಕೆ ಹೋಗಿ. ಆಕಾಶದಿಂದ ಬೆಟ್ಟಕ್ಕಿಂತ ದೊಡ್ಡದೊಂದು ಕಲ್ಲು ಬಂದು ಇಲ್ಲಿ ಅಪ್ಪಳಿಸ್ತು. ನೆಲ ಕರಗಿ ಕುದಿದು ಆರುವಾಗ ನಿಕೆಲ್, ತಾಮ್ರದಂಥ ಭಾರದ ಲೋಹಗಳ ಅದಿರು ತಳಕ್ಕೆ ಇಳಿದು ಸೇರಿಕೊಂಡ್ತು. ಆ ಗುಂಡಿ ಕಾಲಾಂತರದಲ್ಲಿ ಹಿಸುಕಿಹೋಗಿ, ಈಗ ಸುಮಾರು 60 ಕಿ.ಮೀ. ಉದ್ದ, 30 ಕಿ.ಮೀ. ಅಗಲದ ಮೊಟ್ಟೆ ಆಕಾರದ ಬೋಗುಣಿ ಥರ ಉಳಿದಿದೆ. ಗಣಿಗಳೆಲ್ಲ ಬಹುತೇಕ ಅದರ ಅಂಚಿನಲ್ಲೇ ಇವೆ.

1883ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆಯವರು ಹಳಿ ಹಾಕೋಕೆ ಬಂಡೆ ಸಿಡಿಸ್ತಿದ್ದಾಗ, ಥಾಮಸ್ ಫ್ಲ್ಯಾನಗನ್ ಅನ್ನೋ ಕಮ್ಮಾರನ ಕಣ್ಣಿಗೆ ತುಕ್ಕು ಬಣ್ಣದ ಕಲ್ಲು ಬಿತ್ತು. ಮೊದಲು ಎಲ್ಲರೂ ಹಿಂದೆ ಬಿದ್ದಿದ್ದು ತಾಮ್ರಕ್ಕೆ. ನಿಕೆಲ್ ಅವರಿಗೊಂದು ತಲೆನೋವು. ಆಮೇಲೆ ಉಕ್ಕಿಗೆ ನಿಕೆಲ್ ಬೆರೆಸಿದ್ರೆ ಯುದ್ಧನೌಕೆಯ ಕವಚ ಗಟ್ಟಿಯಾಗುತ್ತೆ ಅಂತ ಗೊತ್ತಾದ ಮೇಲೆ ಲೆಕ್ಕಾನೇ ಬದಲಾಯ್ತು. ಇವತ್ತು ಒಳ್ಳೆ ಸ್ಟೀಲ್ ಪಾತ್ರೆ, ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ, ಎರಡಕ್ಕೂ ನಿಕೆಲ್ ಬೇಕು.

ಕೋಲಾರದವರು ಗಮನಿಸಿ: ಜಾನ್ ಟೇಲರ್ ಕಂಪನಿ ನಮ್ಮ ಕಡೆ ಚಿನ್ನ ತೆಗೆಯೋಕೆ ಕೈಹಾಕಿದ್ದು 1880ರಲ್ಲಿ. ಎರಡೂ ಊರು ಹೆಚ್ಚುಕಮ್ಮಿ ಒಂದೇ ವಯಸ್ಸಿನವು.

(4)
ಈ ಕಪ್ಪು-ಬಿಳುಪು ಫೋಟೋ ಹಳೇದು, ಪ್ರದರ್ಶನಕ್ಕೆ ಇಟ್ಟಿದ್ದನ್ನ ಮೊಬೈಲಲ್ಲಿ ತೆಗೆದದ್ದು. ಕಣ್ಣು ಹಾಯಿಸಿದಷ್ಟೂ ಒಂದು ಹುಲ್ಲುಕಡ್ಡಿ ಇಲ್ಲ.

ಆಗಿದ್ದು ಹೀಗೆ. ಅದಿರಿನಲ್ಲಿ ಗಂಧಕ ತುಂಬ. ಅದನ್ನ ಹೋಗಲಾಡಿಸೋಕೆ ಮರ ಕಡಿದು ಸೌದೆ ಹಾಸ್ತಿದ್ರು, ಅದರ ಮೇಲೆ ಅದಿರು ರಾಶಿ ಹಾಕಿ ಬಯಲಲ್ಲೇ ಬೆಂಕಿ ಹಚ್ಚಿ ತಿಂಗಳುಗಟ್ಟಲೆ ಸುಡ್ತಿದ್ರು. ಆ ಹೊಗೆ ನೆಲಮಟ್ಟದಲ್ಲೇ ಹರಡ್ತಿತ್ತು. ಸೌದೆಗೆ ಹೋದ ಕಾಡು ಒಂದು ಪಾಲು, ಹೊಗೆಗೆ ಸತ್ತ ಕಾಡು ಇನ್ನೊಂದು ಪಾಲು. ಬೇರು ಹೋದ ಮೇಲೆ ಮಳೆ ಬಂದು ಮಣ್ಣು ತೊಳ್ಕೊಂಡು ಹೋಯ್ತು. ಉಳಿದ ಗುಲಾಬಿ-ಬೂದು ಬಂಡೆ ಹೊಗೆ ಕುಡಿದು ಕಪ್ಪಾಯ್ತು. ಬಯಲಲ್ಲಿ ಸುಡೋದು 1920ರ ದಶಕದ ಕೊನೆಯಲ್ಲಿ ನಿಂತ್ರೂ ಕಾರ್ಖಾನೆಗಳ ಚಿಮಣಿಯ ಹೊಗೆ ನಿಲ್ಲಲಿಲ್ಲ.

1972ರಲ್ಲಿ 381 ಮೀಟರ್ ಎತ್ತರದ ಸೂಪರ್‌ಸ್ಟ್ಯಾಕ್ ಅನ್ನೋ ಚಿಮಣಿ ಕಟ್ಟಿದ್ರು. ಆಗ ಜಗತ್ತಿನಲ್ಲೇ ಎತ್ತರದ ಚಿಮಣಿ. ಊರಿನ ಗಾಳಿ ಸುಧಾರಿಸ್ತು, ನಿಜ. ಆದ್ರೆ ಹೊಗೆ ಮೇಲಕ್ಕೆ ಹೋಗಿ ದೂರದ ಕೆರೆಗಳ ಮೇಲೆ ಆಮ್ಲ ಮಳೆಯಾಗಿ ಬಿತ್ತು. ನಮ್ಮ ಮನೆ ಕಸ ಪಕ್ಕದವರ ಅಂಗಳಕ್ಕೆ ಗುಡಿಸಿದ ಹಾಗೆ. ಗಂಧಕವನ್ನ ಚಿಮಣಿಗೆ ಹೋಗೋ ಮುಂಚೆಯೇ ಹಿಡಿಯಬೇಕು ಅಂತ ಸರ್ಕಾರದ ಕಾನೂನು ಬಿಗಿಯಾದ ಮೇಲೇ ಹೊಗೆ ಇಳಿದದ್ದು. ಈಗ ಹಳೇ ಮಟ್ಟಕ್ಕಿಂತ ಶೇ. 90ಕ್ಕೂ ಹೆಚ್ಚು ಕಡಿಮೆಯಾಗಿದೆ.

(5)
ಇನ್ನು ಹಸಿರಿನ ವಿಷಯ. ಇದನ್ನ ನಿಧಾನಕ್ಕೆ ಓದಿ.

ಇಲ್ಲಿನ ಸಸ್ಯವಿಜ್ಞಾನಿ ಕೀತ್ ವಿಂಟರ್‌ಹಾಲ್ಡರ್ 1970ರ ದಶಕದಲ್ಲಿ ಸಣ್ಣ ಸಣ್ಣ ತುಂಡು ಜಾಗಗಳಲ್ಲಿ ಪ್ರಯೋಗ ಮಾಡಿದ್ರು. ಮಣ್ಣು ಹುಳಿಯಾಗಿತ್ತು. ಹುಳಿ ಮಣ್ಣಿನಲ್ಲಿ ಲೋಹಗಳು ಕರಗಿ ಬೇರಿಗೆ ವಿಷವಾಗ್ತವೆ. ಸುಣ್ಣದ ಕಲ್ಲಿನ ಪುಡಿ ಹಾಕಿದ್ರೆ ಹುಳಿ ಇಳಿದು ಲೋಹಗಳು ಕಟ್ಟಿಹಾಕಿದಂತಾಗ್ತವೆ. ಅವರು ಕಂಡದ್ದೇನಂದ್ರೆ, ಸುಣ್ಣ ಬಿದ್ದ ಜಾಗಕ್ಕೆ ಬರ್ಚ್ ಬೀಜಗಳು ಗಾಳಿಯಲ್ಲಿ ತಾವಾಗೇ ಹಾರಿ ಬಂದು ಮೊಳೆತವು.

1978ರಲ್ಲಿ ಊರು ಕೆಲಸ ಶುರು ಮಾಡ್ತು. ಅದೇ ವರ್ಷ ಗಣಿ ಕಂಪನಿಯಲ್ಲಿ ದೊಡ್ಡ ಮುಷ್ಕರ ಆರಂಭ: 11,000ಕ್ಕೂ ಹೆಚ್ಚು ಕಾರ್ಮಿಕರು, ಎಂಟೂವರೆ ತಿಂಗಳು. ಅದಕ್ಕೂ ಮುಂಚೆಯೇ ಸಾಕಷ್ಟು ಜನರ ಕೆಲಸ ಹೋಗಿತ್ತು. ವಿದ್ಯಾರ್ಥಿಗಳು, ಕೆಲಸ ಕಳ್ಕೊಂಡವರು ಸೇರಿ ಸುಣ್ಣದ ಪುಡಿಯ ಚೀಲ ಹೊತ್ತು ಗುಡ್ಡ ಹತ್ತಿ ಕೈಯಲ್ಲೇ ಎರಚಿದ್ರು. ಮೊದಲು ಹುಲ್ಲು, ಆಮೇಲೆ ಪೈನ್ ಸಸಿ. ಈವರೆಗೆ 3,000 ಹೆಕ್ಟೇರ್‌ಗಿಂತ ಹೆಚ್ಚು ಜಾಗಕ್ಕೆ ಸುಣ್ಣ, ಒಂದು ಕೋಟಿಗಿಂತ ಹೆಚ್ಚು ಗಿಡ. ಕೆಲಸ ಇನ್ನೂ ನಡೀತಿದೆ.

ಹೋದ ಬೇಸಿಗೆಯಲ್ಲಿ ನಾನೂ ಒಂದು ದಿನ ಗಿಡ ನೆಡೋಕೆ ಹೋಗಿದ್ದೆ. ನನ್ನ ಪಕ್ಕದಲ್ಲಿದ್ದ ಅಜ್ಜಿಗೆ ಎಪ್ಪತ್ತು ದಾಟಿತ್ತು. "ನಾವು ಸಣ್ಣವರಿದ್ದಾಗ ಚಿತ್ರ ಬರೆಯೋಕೆ ಹೇಳಿದ್ರೆ ಬೆಟ್ಟಕ್ಕೆ ಕಪ್ಪು ಬಣ್ಣ ಹಚ್ತಿದ್ವಿ" ಅಂದ್ರು. ನಗ್ತಾನೇ ಹೇಳಿದ್ರು. ನನಗೆ ನಗು ಬರಲಿಲ್ಲ.

(6)
ಹವಾಮಾನ ಕೇಳಿದವರಿಗೆ. ಮ್ಯಾಪ್ ತೆಗೆದು ನೋಡಿ: ಪ್ಯಾರಿಸ್ ಸಡ್ಬರಿಗಿಂತ ಉತ್ತರಕ್ಕಿದೆ! ಆದ್ರೂ ಪ್ಯಾರಿಸ್‌ನ ಚಳಿ ಇದರ ಮುಂದೆ ಏನೂ ಅಲ್ಲ. ಅಲ್ಲಿಗೆ ಅಟ್ಲಾಂಟಿಕ್ ಸಮುದ್ರದ ಬೆಚ್ಚನೆ ಗಾಳಿ ಬರುತ್ತೆ. ನಾವಿರೋದು ಭೂಖಂಡದ ಒಳಗೆ, ಉತ್ತರ ಧ್ರುವದ ಗಾಳಿಗೆ ಅಡ್ಡ ನಿಲ್ಲೋಕೆ ಒಂದು ಬೆಟ್ಟವೂ ಇಲ್ಲ.

ಜನವರಿ ರಾತ್ರಿ ಮೈನಸ್ 18, 20 ಮಾಮೂಲು. ಕೆಲವು ದಿನ ಮೈನಸ್ 30. ಮೂಗಿನೊಳಗಿನ ಕೂದಲು ಗಟ್ಟಿಯಾಗೋದು ಗೊತ್ತಾಗುತ್ತೆ, ತಮಾಷೆ ಅಲ್ಲ. ಕಾರಿನ ಇಂಜಿನ್ ಬೆಚ್ಚಗಿಡೋಕೆ ರಾತ್ರಿ ಫೋನ್ ಥರ ಪ್ಲಗ್‌ಗೆ ಹಾಕ್ತಾರೆ. ಡಿಸೆಂಬರಲ್ಲಿ ಸಂಜೆ ಐದಕ್ಕೆ ಮುಂಚೆಯೇ ಕತ್ತಲು. ಬರೋರು ಜಾಕೆಟ್‌ಗಿಂತ ಈ ಕತ್ತಲಿಗೆ ಜಾಸ್ತಿ ತಯಾರಾಗಿ ಬನ್ನಿ. ಮನಸ್ಸು ಮಂಕಾಗೋದು ಅಲ್ಲಿ. ಹಗಲು ಹತ್ತು ನಿಮಿಷ ಆದ್ರೂ ಹೊರಗೆ ನಡೀರಿ, ವಾರಕ್ಕೊಮ್ಮೆ ಯಾರ ಜೊತೆಗಾದ್ರೂ ಕೂತು ಊಟ ಮಾಡಿ. ಜೂನಲ್ಲಿ ಎಲ್ಲ ತಿರುಗುಮುರುಗು. ರಾತ್ರಿ ಒಂಬತ್ತಾದ್ರೂ ಬೆಳಕು, ಜೊತೆಗೆ ನಮ್ಮೂರನ್ನೂ ಮೀರಿಸೋ ಸೊಳ್ಳೆ.

(7)
ನೋಡೋಕೆ ಬರೋರು ಏನು ನೋಡ್ತಾರೆ? ಏಳನೇ ಫೋಟೋದಲ್ಲಿರೋದು ಬಿಗ್ ನಿಕೆಲ್: 1951ರ ಐದು ಸೆಂಟ್ ನಾಣ್ಯದ 9 ಮೀಟರ್ ಎತ್ತರದ ಪ್ರತಿಕೃತಿ. 1964ರಲ್ಲಿ ಟೆಡ್ ಸಿಲ್ವಾ ಅನ್ನೋ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಛಲ ಹಿಡಿದು ನಿಲ್ಲಿಸಿದ್ದು. ರ‍್ಯಾಮ್ಸಿ ಕೆರೆಯ ದಡದಲ್ಲಿ ಹಿಮದ ಹಳುಕಿನ ಆಕಾರದ ಸೈನ್ಸ್ ನಾರ್ತ್ ಇದೆ, 1984ರಲ್ಲಿ ಶುರುವಾಗಿದ್ದು. ಚಳಿಗಾಲದಲ್ಲಿ ಅದೇ ಕೆರೆ ಹೆಪ್ಪುಗಟ್ಟಿ ಸ್ಕೇಟಿಂಗ್ ದಾರಿ ಆಗುತ್ತೆ. ಬೇಸಿಗೆಯಲ್ಲಿ ಕಾಡು ಬ್ಲೂಬೆರಿ. ಅದಕ್ಕೆ ಹುಳಿ ಮಣ್ಣೇ ಇಷ್ಟ, ಅದಕ್ಕೇ ಬೇರೆಲ್ಲ ಸತ್ತಾಗಲೂ ಅದು ಬದುಕ್ತು.

"ಚಂದ್ರನ ಥರ ಬೋಳಾಗಿತ್ತು ಅಂತ ಅಪೋಲೋ ಯಾತ್ರಿಗಳು ಇಲ್ಲಿ ತರಬೇತಿ ಪಡೆದ್ರು" ಅಂತ ಕೇಳಿರ್ತೀರಿ. 1971, 1972ರಲ್ಲಿ ಬಂದದ್ದು ನಿಜ, ಕಾರಣ ಮಾತ್ರ ಬೇರೆ. ಉಲ್ಕೆ ಬಡಿದ ಕಲ್ಲು ಹೇಗಿರುತ್ತೆ ಅಂತ ಕಲಿಯೋಕೆ ಬಂದಿದ್ರು.

ಒಂದೇ ಗಣಿ ನಂಬಿದ್ರೆ ಊರು ಮುಳುಗುತ್ತೆ ಅನ್ನೋದು ಆ ಮುಷ್ಕರದ ಕಾಲಕ್ಕೆ ಇಲ್ಲಿಯವರಿಗೆ ಚೆನ್ನಾಗಿ ಅರ್ಥ ಆಗಿತ್ತು. ಕೇಂದ್ರ ಸರ್ಕಾರದ ತೆರಿಗೆ ಕಚೇರಿ, ದೊಡ್ಡ ಆಸ್ಪತ್ರೆ, ಕಾಲೇಜುಗಳು, ಗಣಿ ಯಂತ್ರ ಮಾಡೋ ಕಂಪನಿಗಳು, ಹೀಗೆ ಒಂದೊಂದೇ ಬೆಳೆದವು. ಗಣಿ ನಿಂತಿಲ್ಲ, ಆದ್ರೆ ಊರು ಅದೊಂದರ ಮೇಲೇ ನಿಂತಿಲ್ಲ.

(8)
ಈಗ ನಮ್ಮೂರು. ಕೆ.ಜಿ.ಎಫ್ ಅಂದ ತಕ್ಷಣ ನಿಮಗೆ ರಾಕಿ ಭಾಯ್ ನೆನಪಾಗ್ತಾನೆ. ನನಗೆ ನೆನಪಾಗೋದು ತಾತನ ಕೆಮ್ಮು. ಮೂವತ್ತು ವರ್ಷ ಗಣಿಯೊಳಗೆ ಇಳಿದವರು. ಅಲ್ಲಿನ ಆಳ ಸುಮಾರು 3.2 ಕಿ.ಮೀ., ಕೆಳಗೆ ಬಂಡೆಯೇ ಸುಡೋ ಹಾಗಿರ್ತಿತ್ತಂತೆ.

ಆ ಗಣಿಯೊಳಗೆ 1965ರಲ್ಲಿ ಎಂ.ಜಿ.ಕೆ. ಮೆನನ್, ಬಿ.ವಿ. ಶ್ರೀಕಂಠನ್ ಮುಂತಾದ ವಿಜ್ಞಾನಿಗಳು, ಜಪಾನ್ ಮತ್ತು ಬ್ರಿಟನ್ ಸಂಗಾತಿಗಳ ಜೊತೆ, ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಕಣಗಳನ್ನ ಹಿಡಿದ್ರು. ಜಗತ್ತಿನಲ್ಲೇ ಮೊದಲ ಸಾಲಿನ ಸಾಧನೆ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಸಿಕ್ಕಿತ್ತು. ಇಲ್ಲಿ ಸಡ್ಬರಿಯ ಕ್ರೈಟನ್ ನಿಕೆಲ್ ಗಣಿಯಲ್ಲಿ, 2 ಕಿ.ಮೀ. ಆಳದಲ್ಲಿ, 1,000 ಟನ್ ಭಾರಜಲ ಇಟ್ಟು ಸೂರ್ಯನ ನ್ಯೂಟ್ರಿನೋ ಹಿಡಿದ್ರು. ಮುಖ್ಯ ಫಲಿತಾಂಶ ಬಂದದ್ದು 2001ರ ಜೂನ್. ಅದಕ್ಕೆ ಆರ್ಥರ್ ಮೆಕ್‌ಡೊನಾಲ್ಡ್ 2015ರ ನೊಬೆಲ್ ಹಂಚಿಕೊಂಡ್ರು. ಆ ಪ್ರಯೋಗಾಲಯ ಇವತ್ತೂ ನಡೀತಿದೆ.

ನಮ್ಮ ಗಣಿ ಬಾಗಿಲು ಹಾಕಿದ್ದು 2001ರ ಫೆಬ್ರವರಿ 28. ಪ್ರಯೋಗಗಳು ಅದಕ್ಕೂ ಮುಂಚೆಯೇ ನಿಂತಿದ್ವು. ಈಗ ಸುರಂಗಗಳಲ್ಲಿ ನೀರು ತುಂಬಿದೆ. ಮೇಲೆ ಉಳಿದಿರೋದು ಸೈನೈಡ್ ಗುಡ್ಡಗಳು. ಸಿನಿಮಾದವರಿಗೆ ಸೆಟ್ ಹಾಕೋಕೆ ಆಗಿಬಂದ ಜಾಗ, ಕಾಲೋನಿಯವರಿಗೆ ಬೇಸಿಗೆ ಗಾಳಿಗೆ ಕಣ್ಣು, ಮೂಗು, ಅನ್ನದ ತಟ್ಟೆಗೆ ಬರೋ ಧೂಳು. ಬೆಳಗಿನ ಜಾವ ಮಾರಿಕುಪ್ಪಂ ಟ್ರೈನ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋ ಸಾವಿರಾರು ಜನರಲ್ಲಿ ನನ್ನ ಚಿಕ್ಕಪ್ಪನೂ ಒಬ್ಬರು.

(9)
"ಹಾಗಾದ್ರೆ ಅಲ್ಲೂ ಸುಣ್ಣ ಹಾಕಿಬಿಡೋಣ" ಅಂತ ಹೊರಡಬೇಡಿ. ಇಲ್ಲಿನ ರೋಗ ಹುಳಿ ಮಣ್ಣು. ಅಲ್ಲಿರೋದು ಚಿನ್ನ ತೆಗೆದು ಬಿಸಾಕಿದ ಕಲ್ಲಿನ ನುಣುಪು ಪುಡಿ, ಜೊತೆಗೆ ರಾಸಾಯನಿಕದ ಉಳಿಕೆ. ರೋಗ ಬೇರೆ, ಔಷಧಿಯೂ ಬೇರೆ. ಆ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯೋ ಮಾತು ಆಗಾಗ ಕೇಳ್ತಾ ಇರ್ತೀವಿ. ತೆಗೀಲಿ, ತೆಗೆಯದೇ ಇರ್ಲಿ, ನಾವು ಕೇಳಬೇಕಾದ್ದು ಒಂದಿದೆ: ಆಮೇಲೆ ಆ ನೆಲಕ್ಕೆ ಏನು ಮಾಡ್ತೀರಿ, ಆ ಕೆಲಸಕ್ಕೆ ಊರಿನ ಎಷ್ಟು ಜನರನ್ನ ತಗೋತೀರಿ?

ಸಡ್ಬರಿಯಲ್ಲೂ ಎಲ್ಲ ಸರಿಹೋಗಿಲ್ಲ. ಹೊಸ ಕಾಡು ಇನ್ನೂ ತೆಳು, ಹಲವೆಡೆ ಮರದ ಸಂದಿಯಲ್ಲಿ ಅದೇ ಕಪ್ಪು ಬಂಡೆ ಕಾಣುತ್ತೆ. ಒಂದು ಕೋಟಿ ಗಿಡಕ್ಕೆ ನಲವತ್ತಕ್ಕೂ ಹೆಚ್ಚು ವರ್ಷ ಹಿಡೀತು. ನಾವು ಈಗ ಶುರು ಮಾಡಿದ್ರೆ ನಮಗೆ ಅರವತ್ತು ದಾಟಿರುತ್ತೆ.

ಕೆ.ಜಿ.ಎಫ್‌ನಲ್ಲಿರೋರಿಗೆ ಒಂದು ಚಿಕ್ಕ ಕೆಲಸ. ಗುಡ್ಡ ಹತ್ತಬೇಡಿ, ಧೂಳು ಕುಡೀಬೇಡಿ. ರಸ್ತೆಯಲ್ಲೇ ನಿಂತು ನೋಡಿ, ಅಂಚಿನಲ್ಲಿ ಯಾರೂ ನೆಡದೇ ತಾನಾಗೇ ಎದ್ದಿರೋ ಗಿಡ ಯಾವುದು ಅಂತ. ಜಾಲಿನೋ, ಎಕ್ಕನೋ, ಹೆಸರೇ ಗೊತ್ತಿಲ್ಲದ ಹುಲ್ಲೋ, ಏನಿದ್ರೂ ಫೋಟೋ ತೆಗೆದು ಜಾಗದ ಹೆಸರು ಸಮೇತ ನನಗೆ ಕಳಿಸಿ. ಎಲ್ಲ ಒಂದು ಕಡೆ ಸೇರಿಸಿ, ಹೆಸರು ಪತ್ತೆ ಮಾಡಿ, ಏಳನೇ ಕಂತಲ್ಲಿ ಹಾಕ್ತೀನಿ. ಇಲ್ಲೂ ಮೊದಲು ನೋಡಿದ್ದು ಅದನ್ನೇ: ಆ ನೆಲದಲ್ಲಿ ಯಾವುದು ಬದುಕುತ್ತೆ ಅಂತ.