ಎರಡೂವರೆ ಸೂತಿನ ನಟ್ಟಿಗಾಗಿ

ಹೊಸಪೇಟೆಯ ನಮ್ಮ ಮನೆ ಅಂಗಳದಲ್ಲಿ ಎಂಟು ವರ್ಷದಿಂದ ಟಾರ್ಪಾಲು ಹೊದ್ದು ಮಲಗಿದ್ದ ಅಂಬಾಸಿಡರ್ ಅಪ್ಪನದು. 1986ರ ಪೆಟ್ರೋಲ್ ಗಾಡಿ. ಹಂಪಿಗೆ ಬರುವ ಪ್ರವಾಸಿಗರನ್ನು ಅದರಲ್ಲೇ ಸುತ್ತಾಡಿಸಿ ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದವರು ಅವರು. ಕಳೆದ ವರ್ಷ ಕಣ್ಣಿನ ಆಪರೇಷನ್ ಆದ ಮೇಲೆ, "ಒಂದ್ಸಲ ಇದರಾಗೇ ಸಂಡೂರು ಕುಮಾರಸ್ವಾಮಿಗೆ ಹೋಗಿ ಬರೋಣಪ್ಪ. ನೀನೇ ಓಡ್ಸು" ಅಂದರು. ದೀಪಾವಳಿಗೆ ಹತ್ತು ದಿನ ರಜೆ ಹಾಕಿ ಬೆಂಗಳೂರಿನಿಂದ ಬಂದೆ.

ಇಂಜಿನ್ ಕೆಲಸ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕಾಡಿದ್ದು ಮ್ಯಾನಿಫೋಲ್ಡ್ ಹಿಡಿದಿಡುವ ನಟ್ಟುಗಳು. ತುಕ್ಕು ಹಿಡಿದವನ್ನು ಬಿಚ್ಚಿ, ಹಾರ್ಡ್‌ವೇರ್ ಅಂಗಡಿಯಿಂದ 8 ಎಂ.ಎಂ. ನಟ್ಟು ತಂದೆ. ಕಣ್ಣಿಗೆ ಅದೇ ಅಳತೆ. ಒಂದು ಸುತ್ತು ಹೋಗಿ ನಿಂತಿತು. 13ರ ಪಾನಾ ಹಾಕಿ ಜೋರಾಗಿ ತಿರುಗಿಸಿದೆ. ಸ್ಟಡ್‌ನ ಥ್ರೆಡ್ಡೇ ಕಿತ್ತು ಬಂತು. ಅಪ್ಪ ಬೈಯಲಿಲ್ಲ, ಸುಮ್ಮನೆ ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ರಾತ್ರಿ ಕೂತು ಓದಿದಾಗ ಗೊತ್ತಾಯ್ತು. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಕೋಲ್ಕತ್ತದ ಹತ್ತಿರ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದರೂ, ಅದರ ಹಳೇ ಪೆಟ್ರೋಲ್ ಇಂಜಿನ್ ಇಂಚಿನ ಲೆಕ್ಕದ್ದು. 5/16 ಇಂಚು ಅಂದರೆ 7.94 ಎಂ.ಎಂ. ದಪ್ಪದಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸ. ಆದರೆ ಇದರ ಯು.ಎನ್.ಎಫ್. ಥ್ರೆಡ್ ಇಂಚಿಗೆ 24 ಸುತ್ತು, ನಾನು ತಂದ ನಟ್ಟಿನದು ಸುಮಾರು 20. ಪಾನಾ ಕೂಡ ಅರ್ಧ ಇಂಚಿನದೇ ಬೇಕು. 13ರದು ಸಡಿಲಾಗಿ ಮೂಲೆ ಸವೆಸುತ್ತದೆ.

ಬೆಳಿಗ್ಗೆ ಪರಿಚಯದ ಗ್ಯಾರೇಜಿನವರು ಸ್ಟಡ್ ನೋಡಿ, "ಇದು ಎರಡೂವರೆ ಸೂತಿಂದು ತಮ್ಮಾ. ಕಂಪ್ಲಿ ಕಡೆ ಟ್ರ್ಯಾಕ್ಟರ್ ಸ್ಪೇರ್ ಅಂಗಡಿಯಾಗ ಕೇಳು" ಅಂದರು. ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ. ಹಳೇ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರಿಗೂ ಇದೇ ಥ್ರೆಡ್ಡಂತೆ!

ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಕಮಲಾಪುರದ ದಾರಿ ಹಿಡಿದೆ. ಹಂಪಿ ಹತ್ತಿರ ಬಂದಾಗ ವಿಠ್ಠಲ ದೇವಸ್ಥಾನಕ್ಕೂ ಹೋದೆವು. ಎಷ್ಟೋ ಸಲ ನೋಡಿದ ಕಲ್ಲಿನ ರಥ. ಅಪ್ಪ ಹಳೇ ಗೈಡಿನ ದನಿಯಲ್ಲಿ ಶುರು ಮಾಡಿದರು: "ಈ ಆನೆ ಈ ರಥದ್ದಲ್ಲ. ಮೊದಲು ಕುದುರೆ ಇದ್ವು, ಹಿಂದಗಡೆ ಅವುಗಳ ಬಾಲ ನೋಡು. ಅಳತೆನೇ ಕೂಡಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ನಟ್ಟಿನಂಗ" ಅಂದು ನಕ್ಕರು. ಎರಡು ದಿನದ ಭಾರ ಇಳಿಯಿತು.

ಕಂಪ್ಲಿಯ ಅಂಗಡಿಯ ಅಜ್ಜ ಅಳತೆಪಟ್ಟಿ ಮುಟ್ಟಲಿಲ್ಲ. ಡಬ್ಬಿಯಿಂದ ನಟ್ಟೊಂದು ತೆಗೆದು, ನಾನು ಒಯ್ದಿದ್ದ ಇನ್ನೊಂದು ಒಳ್ಳೆ ಸ್ಟಡ್‌ಗೆ ಎರಡೇ ಬೆರಳಲ್ಲಿ ಕೊನೆತನಕ ತಿರುಗಿಸಿದರು. "ಬೆರಳಿಗೆ ಹೋದ್ರೆ ಅದು ಅದರದ್ದು. ಪಾನಾ ಇರೋದು ಬಿಗಿ ಮಾಡಾಕ, ಒಳಗ ತುರುಕಾಕ ಅಲ್ಲ." ಹಿತ್ತಾಳೆ ನಟ್ಟುಗಳನ್ನೇ ಕೊಟ್ಟರು, ಬಿಸಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ ಅಂತ. ಕೆಟ್ಟ ಸ್ಟಡ್‌ಗೆ ಬದಲಿಯೂ ಸಿಕ್ಕಿತು.

ಮೂರು ದಿನ ಬಿಟ್ಟು ಸಂಡೂರಿಗೆ ಹೊರಟೆವು. ಅದಿರಿನ ಲಾರಿಗಳ ಕೆಂಪು ಧೂಳು, ಅದರಾಚೆ ಹಸಿರು ಗುಡ್ಡ. ಘಾಟಿ ಏರುವಾಗ ಅಪ್ಪ ಕಣ್ಣು ಮುಚ್ಚಿ ಇಂಜಿನ್ ಸದ್ದು ಕೇಳುತ್ತಿದ್ದರು. ದೇವಸ್ಥಾನದಿಂದ ಬರುವಾಗ ಖಾಲಿ ರಸ್ತೆಯೊಂದರಲ್ಲಿ ನಿಲ್ಲಿಸಲು ಹೇಳಿ, ಕೀಲಿ ಕೇಳಿದರು. ಒಂದು ಫರ್ಲಾಂಗ್ ಓಡಿಸಿರಬೇಕು ಅಷ್ಟೆ. ಮತ್ತೆ ಪಕ್ಕಕ್ಕೆ ಬಂದು ಕೂತು, "ಸಾಕಪ್ಪ, ಇನ್ನು ನಿಂದು" ಅಂದರು.

ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದ್ದರೆ ಹೊಸ ನಟ್ಟು ಮೊದಲು ಬೆರಳಲ್ಲಿ ತಿರುಗಿಸಿ ನೋಡಿ. ಅಂದಹಾಗೆ, ಟ್ರ್ಯಾಕ್ಟರ್ ಅಂಗಡಿ ಮರೀಬೇಡಿ!