ಮೂಸಾ(ಅ)ರ ದುಆದಲ್ಲಿ ನಾವು ಓದದೆ ಬಿಟ್ಟ ಭಾಗ

ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ನಿಂತು ಪ್ರವಾದಿ ಮೂಸಾ(ಅ)ರ ದುಆವನ್ನು ಮೆಲ್ಲನೆ ಪಠಿಸದ ಮುಸ್ಲಿಮ್ ವಿದ್ಯಾರ್ಥಿ ವಿರಳ. ಎದೆಯನ್ನು ವಿಶಾಲಗೊಳಿಸುವಂತೆ, ಕಾರ್ಯವನ್ನು ಸುಲಭಗೊಳಿಸುವಂತೆ, ನಾಲಿಗೆಯ ಗಂಟನ್ನು ಬಿಚ್ಚುವಂತೆ ಅವರು ಅಲ್ಲಾಹನಲ್ಲಿ ಬೇಡಿಕೊಂಡ ಆ ಪ್ರಾರ್ಥನೆ ಸೂರಃ ತ್ವಾಹಾದಲ್ಲಿದೆ. ಮದ್ರಸದ ದಿನಗಳಲ್ಲೇ ಅದು ನಮಗೆ ಕಂಠಪಾಠವಾಗಿತ್ತು. ಇಂಜಿನಿಯರಿಂಗ್ ಮೂರನೇ ಸೆಮಿಸ್ಟರಿನ ಗಣಿತ ಪರೀಕ್ಷೆಯ ದಿನವೂ ನಾವು ನಾಲ್ವರು ಅದನ್ನೇ ಪಠಿಸಿ ಒಳಹೊಕ್ಕೆವು. ಒಂದು ಗಂಟೆ ಕಳೆಯುವಷ್ಟರಲ್ಲಿ ನಮ್ಮಲ್ಲೊಬ್ಬ ಉತ್ತರ ಪತ್ರಿಕೆಯನ್ನು ಒಪ್ಪಿಸಿ ಎದ್ದುಹೋಗಿದ್ದ.

ಸಂಜೆ ಮಂಗಳೂರಿನ ನಮ್ಮ ಬಾಡಿಗೆ ಕೋಣೆಗೆ ಮರಳಿದಾಗ ಅವನ ಬಟ್ಟೆಗಳೆಲ್ಲ ಬ್ಯಾಗಿನೊಳಗಿದ್ದವು. ಓದು ಸಾಕು, ಊರಿಗೆ ಹೋಗಿ ಯಾವುದಾದರೂ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತೇನೆ ಎಂದ. ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಅಂಗೈ ಬೆವೆತಿತಂತೆ. ಎದೆಬಡಿತ ಕಿವಿಗೆ ಕೇಳತೊಡಗಿತಂತೆ. ಹಿಂದಿನ ರಾತ್ರಿ ಬಾಯಿಪಾಠವಾಗಿದ್ದ ಫೋರಿಯರ್ ಸರಣಿಯ ಮೊದಲ ಸೂತ್ರವೂ ನೆನಪಿಗೆ ಬರಲಿಲ್ಲವಂತೆ. ನಾಲ್ಕು ರಾತ್ರಿಗಳಿಂದ ಅವನು ಸರಿಯಾಗಿ ಮಲಗಿರಲಿಲ್ಲ. ಪಕ್ಕದಲ್ಲೇ ಮಲಗುತ್ತಿದ್ದ ನಮಗೆ ಅದು ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ನಾವು ಮೂವರೂ ಅದೇ ಭಯವನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡು ಗೋಡೆಯತ್ತ ಮುಖ ಮಾಡಿ ಮಲಗಿದವರೇ ಆಗಿದ್ದೆವು.

ಅವನ ಭಯ ಕೇವಲ ಗಣಿತದ್ದಾಗಿರಲಿಲ್ಲ. ತಂದೆ ಗಲ್ಫ್‌ನಲ್ಲಿ ಚಾಲಕರು. ಕಾಲೇಜಿನ ಶುಲ್ಕಕ್ಕಾಗಿ ಉಮ್ಮನ ಬಳೆಗಳು ಅಡವಿನಲ್ಲಿದ್ದವು. ಪ್ರತಿ ಶುಕ್ರವಾರ ಫೋನಿನಲ್ಲಿ ತಂದೆ ಕೇಳುವ ಮೊದಲ ಪ್ರಶ್ನೆ ಓದಿನದು. ಅವರು ಕೇಳುತ್ತಿದ್ದುದು ಪ್ರೀತಿಯಿಂದಲೇ. ಆದರೆ ಅವನ ಕಿವಿಗೆ ಅದು ಸಾಲದ ಲೆಕ್ಕದಂತೆ ಕೇಳಿಸುತ್ತಿತ್ತು. ಹಿಂದೊಮ್ಮೆ ಒಬ್ಬ ಹಿರಿಯ ಬಂಧುವಿನ ಬಳಿ ಹೇಳಿಕೊಂಡಾಗ, ಈಮಾನ್ ಗಟ್ಟಿಯಿದ್ದವನಿಗೆ ಪರೀಕ್ಷೆಯ ಹೆದರಿಕೆ ಏಕೆ ಎಂಬ ಉತ್ತರ ಸಿಕ್ಕಿತ್ತು. ಅಂದಿನಿಂದ ಪರೀಕ್ಷೆಯ ಭಯದ ಜೊತೆಗೆ ತನ್ನ ವಿಶ್ವಾಸದ ಬಗೆಗೂ ಅವನಿಗೆ ಭಯ ಹುಟ್ಟಿತ್ತು. ಇಂತಹ ಮಾತನ್ನು ನಮ್ಮ ಮನೆಗಳಲ್ಲಿ ಎಷ್ಟು ಹಗುರವಾಗಿ ಆಡಿಬಿಡುತ್ತೇವೆ!

ಅಂದು ಇಶಾ ನಮಾಝ್ ಮುಗಿದ ಬಳಿಕ ಅವನನ್ನು ಮಸೀದಿಯ ಉಸ್ತಾದರ ಮುಂದೆ ಕುಳ್ಳಿರಿಸಿದೆವು. ಉಪದೇಶ ಸಿಗಬಹುದೆಂದು ಭಾವಿಸಿದ್ದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೂಸಾ(ಅ)ರ ದುಆವನ್ನು ಎಲ್ಲಿಯವರೆಗೆ ಓದುತ್ತೀರಿ?" ನಾಲಿಗೆಯ ಗಂಟಿನವರೆಗೆ, ಜನರು ತನ್ನ ಮಾತನ್ನು ಅರಿಯಲಿ ಎಂಬಲ್ಲಿಯವರೆಗೆ ಎಂದೆವು. "ಮುಂದೆ ಓದಿ ಮಕ್ಕಳೇ" ಎಂದರು. ಮುಂದಿರುವುದು ಸಹಾಯಕನಿಗಾಗಿ ಬೇಡಿಕೆ. ತನ್ನ ಕುಟುಂಬದಿಂದಲೇ ಒಬ್ಬ ನೆರವಿಗನನ್ನು, ಸಹೋದರ ಹಾರೂನ್(ಅ)ರನ್ನು ನೀಡುವಂತೆ, ಅವರ ಮೂಲಕ ತನ್ನನ್ನು ಬಲಪಡಿಸುವಂತೆ ಮೂಸಾ(ಅ) ಬೇಡುತ್ತಾರೆ. ಅಲ್ಲಾಹನು ಅದಕ್ಕಾಗಿ ಅವರನ್ನು ಗದರಿಸಲಿಲ್ಲ, ಬೇಡಿದ್ದನ್ನು ಕೊಟ್ಟನು. ಅದೇ ಸೂರಃದಲ್ಲಿ, ಮಾಂತ್ರಿಕರ ಹಗ್ಗಗಳು ಹರಿದಾಡುವಂತೆ ಕಂಡಾಗ ಮೂಸಾ(ಅ)ರ ಮನಸ್ಸಿನಲ್ಲಿ ಭಯ ಮೂಡಿದ ಸಂಗತಿಯೂ ಇದೆ. ಫಿರ್‌ಔನನ ಆಸ್ಥಾನಕ್ಕೆ ಹೋದ ಪ್ರವಾದಿಗೇ ಭಯವಾಗಿತ್ತು, ಜೊತೆ ಬೇಕಾಗಿತ್ತು. ಬಾಡಿಗೆ ಕೋಣೆಯಲ್ಲಿ ಕುಳಿತ ಹುಡುಗನಿಗೆ ಬೇಡವೇ? ಗೆಳೆಯ ಅಳತೊಡಗಿದ. ಉಸ್ತಾದರು ಚಹಾ ತರಿಸಿದರು.

ಬ್ಯಾಗು ಬಿಚ್ಚಲಾಯಿತು. ಫಲಿತಾಂಶ ಬಂದಾಗ ಅವನು ಮಾತ್ರವಲ್ಲ, ನಮ್ಮಲ್ಲಿ ಇನ್ನೊಬ್ಬನೂ ಗಣಿತದಲ್ಲಿ ಅನುತ್ತೀರ್ಣನಾಗಿದ್ದ. ನಾವು ಓದುವ ಕ್ರಮವನ್ನೇ ಬದಲಿಸಿದೆವು. ಇಶಾದ ಬಳಿಕ ಒಬ್ಬ ಪುಸ್ತಕ ಮುಚ್ಚಿಟ್ಟು ಉಳಿದವರಿಗೆ ಪಾಠ ಹೇಳಬೇಕು. ಎಡವಿದ ಕಡೆಯಷ್ಟನ್ನೇ ಮತ್ತೆ ಓದಬೇಕು. ಪುಟ ತಿರುವುತ್ತ ಎಲ್ಲವೂ ತಿಳಿದಿದೆ ಎಂದುಕೊಳ್ಳುವ ಭ್ರಮೆ ಹೀಗೆ ಬೇಗನೆ ಹರಿಯುತ್ತದೆ. ವಾರಕ್ಕೊಮ್ಮೆ ಫಜ್ರ್ ಕಳೆದು ಹಳೆಯ ಪ್ರಶ್ನೆಪತ್ರಿಕೆಯನ್ನು ಮುಂದಿಟ್ಟುಕೊಂಡು ಗಡಿಯಾರ ನೋಡಿಯೇ ಮೂರು ಗಂಟೆ ಬರೆದೆವು. ಐದು ಮಾಡ್ಯೂಲ್, ನೂರು ಅಂಕ. ಭಯಕ್ಕೂ ಅಭ್ಯಾಸ ಬೇಕು ಎಂಬುದು ನಮಗೆ ಆಗ ಹೊಳೆಯಿತು. ಹನ್ನೊಂದಕ್ಕೆ ದೀಪ ಆರಿಸುವುದು ಕಡ್ಡಾಯ. ಇದಕ್ಕೆ ಮೊದಲು ಎಲ್ಲರದೂ ತಕರಾರು.

ಒತ್ತಡವೆಲ್ಲ ಕೆಟ್ಟದ್ದಲ್ಲ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕಠಿಣವಾದ ಪಾಠವನ್ನು ಕಲಿಯುವಾಗ ಮಿತವಾದ ಒತ್ತಡ ನೆರವಾಗಿ, ಅತಿಯಾದದ್ದು ಅಡ್ಡಿಯಾದುದನ್ನು ಕಂಡಿದ್ದರು. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಆತಂಕವನ್ನು ಕಾಗದದ ಮೇಲೆ ಬರೆದ ವಿದ್ಯಾರ್ಥಿಗಳು ಉತ್ತಮವಾಗಿ ಬರೆದರೆಂಬ ಒಂದು ಅಧ್ಯಯನ 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಗೆಳೆಯ ಅದನ್ನೂ ಮಾಡಿ ನೋಡಿದ. ಬರೆದು ಹರಿದು ಹಾಕುತ್ತಿದ್ದ, ನಾವು ಕೇಳುತ್ತಿರಲಿಲ್ಲ. ಗೆಳೆಯರಿಗೂ ಉಸ್ತಾದರಿಗೂ ಮೀರಿದ ಸಂಕಟಗಳಿವೆ. ಊಟ ನಿದ್ದೆಗಳು ವಾರಗಟ್ಟಲೆ ಕೆಟ್ಟರೆ, ಬದುಕೇ ಬೇಡವೆನಿಸಿದರೆ, ವೈದ್ಯರನ್ನು ಕಾಣಲು ಒಂದು ದಿನವೂ ತಡಮಾಡಬಾರದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಎಲ್ಲಕ್ಕಿಂತ ಕಷ್ಟವಾದದ್ದು ತಂದೆಗೆ ತಿಳಿಸುವುದು. ಒಂದು ಶುಕ್ರವಾರ ಜುಮಾ ಮುಗಿಸಿ ಬಂದು, ನಾವು ಮೂವರೂ ಪಕ್ಕದಲ್ಲಿ ಕುಳಿತಿರುವಂತೆ ಫೋನ್ ಮಾಡಿದ. "ಉಪ್ಪಾ, ಗಣಿತ ಹೋಯಿತು" ಎಂದ. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಬಳಿಕ ಕೇಳಿಸಿತು: "ಊಟ ಮಾಡಿದೆಯಾ ಮಗಾ?"

ಮರುಪರೀಕ್ಷೆಯ ಬೆಳಗ್ಗೆ ಬಸ್ಸಿನಲ್ಲಿ ಅವನ ಕೈಗಳು ಮತ್ತೆ ತಣ್ಣಗಾಗಿದ್ದವು. ಈ ಸಲ ಅದನ್ನು ಅವನೇ ಹೇಳಿದ. ಗಣಿತ ಪಾಸಾಗಿದ್ದ ನಾವಿಬ್ಬರೂ ಕಾಲೇಜಿನ ಗೇಟಿನವರೆಗೆ ಜೊತೆಗೆ ಹೋದೆವು. ಬಾಗಿಲ ಬಳಿ ನಾಲ್ವರೂ ದುಆ ಪಠಿಸಿದೆವು, ಹಾರೂನ್(ಅ)ರ ಹೆಸರು ಬರುವಲ್ಲಿಯವರೆಗೆ. ಗಂಟೆ ಬಾರಿಸಿತು. ಅವರಿಬ್ಬರು ಒಳಗೆ ಹೋದರು. ನಾವು ಎದುರಿನ ಚಹಾದಂಗಡಿಯ ಬೆಂಚಿನಲ್ಲಿ ಮೂರು ಗಂಟೆ ಕುಳಿತೆವು.