ಚಕ್ಕುಲಿಯ ಒರಳೂ ಮಸ್ಕಿಯ ಬಂಡೆಯೂ

ನಿಧಿಯೆಂಬ ಶಬ್ದವನ್ನು ಕೇಳಿದೊಡನೆ ನಮ್ಮ ಜನರ ಮನಸ್ಸು ನೆಲದೊಳಗಿನ ಕೊಪ್ಪರಿಗೆಯ ಕಡೆಗೆ ಓಡುವುದು. ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಆ ಶಬ್ದದಲ್ಲಿ ಚಿನ್ನವೂ ಇಲ್ಲ, ಬೆಳ್ಳಿಯೂ ಇಲ್ಲ. ‘ನಿ’ ಎಂಬ ಉಪಸರ್ಗ ಸೇರಿದ ‘ಧಾ’ ಧಾತುವಿನಿಂದ ಹುಟ್ಟಿದ ಆ ಪದಕ್ಕೆ, ಜೋಪಾನವಾಗಿ ಇರಿಸಲ್ಪಟ್ಟದ್ದು ಎಂಬಷ್ಟೇ ಅರ್ಥ. ಇಟ್ಟವರು ಯಾರು, ಯಾರಿಗಾಗಿ ಇಟ್ಟರು ಎಂಬುದನ್ನು ತಿಳಿದಾಗಲೇ ಅದರ ಬೆಲೆ ನಮಗೆ ಗೊತ್ತಾಗುವುದು. ಈ ಮಾತನ್ನು ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಷ್ಟು ಚೆನ್ನಾಗಿ ಕಲಿಸುವ ಸೀಮೆಯನ್ನು ನಾವು ಬೇರೆ ಕಂಡಿಲ್ಲ. ಈ ಮೂರು ಊರುಗಳೂ ಒಂದೇ ದಾರಿಯ ಮೇಲೆ ಸಾಲಾಗಿ ಇರುವುದರಿಂದ, ಸಾವಕಾಶವಾಗಿ ನೋಡುವ ಗೃಹಸ್ಥರಿಗೆ ಎರಡು ದಿನಗಳು ಸಾಕು.

ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಣ ಈ ಭೂಮಿಗೆ ನಮ್ಮ ಶಾಸನಗಳಲ್ಲಿ ಎಡೆದೊರೆನಾಡೆಂದು ಹೆಸರು. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಇದಕ್ಕಾಗಿ ಮತ್ತೆ ಮತ್ತೆ ಕಾದಿದರೆಂಬುದು ಚರಿತ್ರೆಯನ್ನೋದಿದ ಬಾಲಕರಿಗೂ ವಿದಿತವಾಗಿದೆ. 1948ರವರೆಗೆ ಇದು ನಿಜಾಮರ ಆಳ್ವಿಕೆಯಲ್ಲಿತ್ತು. 1956ರಲ್ಲಿ ಕನ್ನಡನಾಡು ಒಂದಾದಾಗ ಮೈಸೂರು ರಾಜ್ಯವನ್ನು ಸೇರಿತು. ಇಂದಿಗೂ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಚಾರ್‌ಮಿನಾರಿನ ಚಿತ್ರವುಳ್ಳ ಹಾಲಿ ಸಿಕ್ಕಾ ರೂಪಾಯಿ ಒಂದೆರಡಾದರೂ ಸಿಕ್ಕುವುದುಂಟು. ಜೋಳ, ಸಜ್ಜೆ, ಹತ್ತಿಗಳ ಕರಿನೆಲವಾಗಿದ್ದ ಸಿಂಧನೂರಿನ ಸುತ್ತಲಿನ ಭೂಮಿ ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ ಬತ್ತದ ಸೀಮೆಯಾಯಿತು. ನೀರಿನ ಹಿಂದೆ ಜನರೂ ಬಂದರು. ಆಂಧ್ರದ ಕರಾವಳಿಯಿಂದ ಬಂದ ರೈತರು ಕಾಲುವೆಯ ಉದ್ದಕ್ಕೂ ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೂ ಸಿಂಧನೂರಿನ ಬಳಿಯಲ್ಲಿಯೇ ನೆಲೆ ದೊರೆಯಿತು. ಆದುದರಿಂದ ಸಂಕ್ರಾಂತಿಗೆ ತೆಲುಗರ ಅರಿಸೆಲು, ದಸರೆಯಲ್ಲಿ ದುರ್ಗಾಪೂಜೆಯ ಬಂಗಾಳಿಗಳ ತೆಂಗಿನ ಉಂಡೆ, ನಾಗರಪಂಚಮಿಗೆ ನಮ್ಮವರ ಶೇಂಗಾ ಉಂಡೆ, ಎಳ್ಳು ಉಂಡೆ, ತಂಬಿಟ್ಟುಗಳು ಒಂದೇ ತಾಲ್ಲೂಕಿನಲ್ಲಿ ಬೇಯುತ್ತಿರುವುವು.

ಕಳೆದ ದೀಪಾವಳಿಗೆ ಕೆಲವು ದಿನಗಳ ಮುನ್ನ ಸಿಂಧನೂರಿನ ಆಪ್ತರೊಬ್ಬರ ಮನೆಯ ನಿಶ್ಚಿತಾರ್ಥಕ್ಕೆಂದು ನಾವು ಅಲ್ಲಿಗೆ ಹೋಗಿದ್ದೆವು. ಊಟಕ್ಕೆ ಮುನ್ನ ಬಂದ ಬಂದವರಿಗೆಲ್ಲ ಕೊಡುತ್ತಿದ್ದುದು ಈ ಸೀಮೆಯ ಪ್ರಸಿದ್ಧವಾದ ಮಂಡಾಳ ಒಗ್ಗರಣೆ ಮತ್ತು ಮಿರ್ಚಿ. ಮಂಡಾಳನ್ನು ಒಂದು ಗಳಿಗೆ ನೀರಿನಲ್ಲಿ ನೆನೆಸಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನಗಳ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿಯ ಹಿಟ್ಟನ್ನು ಉದುರಿಸುವರು. ಉದ್ದನೆಯ ಮೆಣಸಿನಕಾಯಿಯನ್ನು ಸೀಳಿ, ಉಪ್ಪು ಜೀರಿಗೆಗಳನ್ನು ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಮಿರ್ಚಿ. ಮೆತ್ತಗಿನದನ್ನು ಒಂದು ತುತ್ತು ತಿಂದು ಖಾರವಾದುದನ್ನು ಒಂದು ಸಲ ಕಚ್ಚಬೇಕು. ಪಾಣಿನಿಯ ಸೂತ್ರವೊಂದಕ್ಕೆ ವೃತ್ತಿಕಾರರು, ಮೂಲಂಗಿಯನ್ನು ಕಚ್ಚಿಕೊಳ್ಳುತ್ತ ಉಣ್ಣುವವನ ಉದಾಹರಣೆಯನ್ನು ಕೊಟ್ಟಿದ್ದಾರೆ. ನಾವು ಅದನ್ನು ಎಷ್ಟೋ ವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೆವು. ಜೋಳದ ರೊಟ್ಟಿಯೊಡನೆ ಹಸಿ ಮೂಲಂಗಿ, ಉಳ್ಳಾಗಡ್ಡಿಗಳನ್ನು ಕಚ್ಚಿ ತಿನ್ನುವ ಈ ಜನರ ಪಂಕ್ತಿಯಲ್ಲಿ ಕುಳಿತಾಗ ಆ ಸೂತ್ರವು ಮೈತಳೆದು ಬಂದಂತೆ ತೋರಿತು.

ಆ ತಟ್ಟೆಯನ್ನು ವಿಚಾರಿಸಿ ನೋಡಿದರೆ ಅದರಲ್ಲಿಯೂ ಕಾಲದ ಪದರುಗಳು ಕಾಣುವುವು. ಹುರಿದ ಅರಳು ವೇದಕಾಲದಷ್ಟು ಹಳೆಯದು. ವಿವಾಹದ ಲಾಜಹೋಮವೇ ಅದಕ್ಕೆ ಸಾಕ್ಷಿ. ಕಡಲೆಯೂ ಈ ದೇಶದಲ್ಲಿ ಬಹು ಪ್ರಾಚೀನ. ಆದರೆ ಮೆಣಸಿನಕಾಯಿಯು ಅಮೆರಿಕಾ ಖಂಡದ್ದು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಮೂಲಕ ಬಂದದ್ದು. ಕರಿಮೆಣಸನ್ನು ಬಲ್ಲ ನಮ್ಮ ಹಿರಿಯರು ಖಾರವಾದ ಈ ಹೊಸ ಕಾಯಿಗೂ ಮೆಣಸಿನ ಹೆಸರನ್ನೇ ಇಟ್ಟರು. ಉತ್ತರ ಕರ್ಣಾಟಕದ ಅಡಿಗೆಮನೆಯ ಜೀವವಾಗಿರುವ ಶೇಂಗಾ ಸಹ ಅದೇ ಖಂಡದಿಂದ ಬಂದ ಅತಿಥಿ. ಅಶೋಕ ಚಕ್ರವರ್ತಿಯ ಅಧಿಕಾರಿಯೊಬ್ಬನು ಇಂದು ಸಿಂಧನೂರಿನ ಪೇಟೆಗೆ ಬಂದರೆ ಅರಳನ್ನು ಗುರುತಿಸಿಯಾನು. ಮಿರ್ಚಿಯನ್ನು ಕಂಡು ಬೆರಗಾದಾನು. ಇನ್ನು ಅದೇ ಪಂಕ್ತಿಯಲ್ಲಿ ಬಡಿಸಿದ ಚಕ್ಕುಲಿಯ ಹೆಸರಾದರೋ ಸಂಸ್ಕೃತದ ‘ಶಷ್ಕುಲೀ’ ಶಬ್ದದ ಮಗಳು. ಕಿವಿಯ ಸುರುಳಿಗೂ ಸಂಸ್ಕೃತದಲ್ಲಿ ಕರ್ಣಶಷ್ಕುಲಿಯೆಂದೇ ಹೆಸರು. ಆದರೆ ಆ ಚಕ್ಕುಲಿಗಳನ್ನು ಮನೆಯಲ್ಲಿ ಒತ್ತಿರಲಿಲ್ಲ. ಅಂಗಡಿಯಿಂದ ಪೊಟ್ಟಣದಲ್ಲಿ ತರಿಸಿದ್ದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಲಿಂಗಸುಗೂರಿನಲ್ಲಿ ಅದರ ಪ್ರಸ್ತಾಪ ಬರುವುದು.

ಮರುದಿನ ಬೆಳಿಗ್ಗೆ ಸೋದರಳಿಯನನ್ನು ಕರೆದುಕೊಂಡು ಮಸ್ಕಿಗೆ ಹೊರಟೆವು. ಬತ್ತದ ಗದ್ದೆಗಳು ಮುಗಿದು ಬಂಡೆಗಳ ಗುಡ್ಡ ಕಾಣಿಸಿಕೊಂಡರೆ ಮಸ್ಕಿ ಬಂದಿತೆಂದು ತಿಳಿಯಬೇಕು. ಗುಡ್ಡದ ಮೇಲೆ ಮಲ್ಲಿಕಾರ್ಜುನಸ್ವಾಮಿಯ ಸನ್ನಿಧಿಯಿದೆ. ಈಗ ತಾಲ್ಲೂಕಿನ ಕೇಂದ್ರವಾದ ಈ ಊರು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಪಿರಿಯ ಮೊಸಂಗಿಯೆಂದು ಪ್ರಸಿದ್ಧವಾಗಿತ್ತು. ಜಯಸಿಂಹನ ಕಾಲದ ಶಾಸನವು ಇಲ್ಲಿಯೇ ಇದೆ. ಆ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನೆಂಬ ಕವಿಯು ಸುಮಾರು 1025ರಲ್ಲಿ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವನ್ನು ಬರೆದು, ಅದರಲ್ಲಿ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯವನ್ನು ಮೀಸಲಾಗಿಟ್ಟಿದ್ದಾನೆ. ಯುದ್ಧಗಳ ಆ ಕಾಲದಲ್ಲಿಯೂ ಅಡಿಗೆಯು ವಿದ್ವಾಂಸನ ಲೇಖನಿಗೆ ತಕ್ಕ ವಿಷಯವೆಂದು ನಮ್ಮವರು ಬಗೆದಿದ್ದರೆಂಬುದು ಸಂತೋಷದ ಸಂಗತಿ.

ಮಸ್ಕಿಯ ನೆಲದ ಕೆಳಗೆ ಇನ್ನೂ ಹಳೆಯ ಕಾಲವಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಲ್ಲಿನ ಪ್ರಾಚೀನ ಅವಶೇಷಗಳನ್ನು ಗುರುತಿಸಿದನು. 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಯಿಸಿದ ಉತ್ಖನನದಲ್ಲಿ, ತಾಮ್ರವನ್ನು ಕಲ್ಲಿನ ಆಯುಧಗಳೊಡನೆ ಬಳಸುತ್ತಿದ್ದ ಜನರಿಂದ ಹಿಡಿದು ಒಂದರ ಮೇಲೊಂದು ವಸತಿಯ ಪದರುಗಳು ಬೆಳಕಿಗೆ ಬಂದುವು. ಆದರೆ ಮಸ್ಕಿಯ ಕೀರ್ತಿಯನ್ನು ಲೋಕದಲ್ಲೆಲ್ಲ ಹರಡಿದುದು ಗುಡ್ಡದ ಗವಿಯೊಳಗಿನ ಒಂದು ಬಂಡೆ.

ಆ ಬಂಡೆಯು ದೊರೆತ ಬಗೆ ಬಹಳ ಸ್ವಾರಸ್ಯವಾದುದು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಚಿನ್ನದ ಶೋಧಕ್ಕಾಗಿ ಈ ಸೀಮೆಯಲ್ಲಿ ತಿರುಗುತ್ತಿದ್ದನು. ಅವನಿಗೆ ಬಂಡೆಯ ಮೇಲೆ ಪುರಾತನವಾದ ಅಕ್ಷರಗಳು ಕಂಡುವು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಆ ಬ್ರಾಹ್ಮೀ ಲಿಪಿಯನ್ನು ಓದಿ ಪ್ರಕಟಿಸಿದರು. ಅದು ಅಶೋಕನ ಶಾಸನ. ಅಲ್ಲಿಯವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲೆಲ್ಲ ಅರಸನು ತನ್ನನ್ನು ದೇವಾನಾಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಕರೆದುಕೊಂಡಿದ್ದನೇ ಹೊರತು ಅಶೋಕನೆಂಬ ಹೆಸರನ್ನು ಕೆತ್ತಿಸಿರಲಿಲ್ಲ. ಪ್ರಿನ್ಸೆಪ್ಪನು 1837ರಲ್ಲಿ ಆ ಲಿಪಿಯನ್ನು ಓದಿದ ಮೇಲೆ, ಸಿಂಹಳದ ಗ್ರಂಥಗಳ ಬಲದಿಂದ ಈ ಪ್ರಿಯದರ್ಶಿಯೇ ಅಶೋಕನೆಂದು ಪಂಡಿತರು ಊಹಿಸಿದ್ದರು. ಆ ಊಹೆಗೆ ಶಿಲೆಯ ಸಾಕ್ಷ್ಯವನ್ನು ಕೊಟ್ಟದ್ದು ಮಸ್ಕಿ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳಗಳಲ್ಲಿಯೂ ಅದೇ ಹೆಸರು ದೊರೆಯಿತು. ಚಿನ್ನವನ್ನು ಅರಸಿ ಬಂದವನಿಗೆ ಒಂದು ಹೆಸರು ಸಿಕ್ಕಿತು. ಆ ಒಂದು ಹೆಸರಿನಿಂದ ಭರತಖಂಡದ ಚರಿತ್ರೆಯ ಮುಖ್ಯವಾದ ಪ್ರಶ್ನೆಯೊಂದು ನಿಶ್ಚಯವಾಗಿ ಪರಿಹಾರವಾಯಿತು.

ಶಾಸನದ ತಾತ್ಪರ್ಯವೂ ಗೃಹಸ್ಥರು ತಿಳಿಯತಕ್ಕದ್ದೇ ಆಗಿದೆ. ಧರ್ಮದಲ್ಲಿ ಉತ್ಸಾಹದಿಂದ ನಡೆದರೆ ಅದರ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ದೊರೆಯುವುದು. ಈ ಮಾತನ್ನು ದೊಡ್ಡವರಿಗೂ ಸಣ್ಣವರಿಗೂ ತಿಳಿಸಬೇಕು ಎಂದು ಚಕ್ರವರ್ತಿಯು ಆಜ್ಞಾಪಿಸಿದ್ದಾನೆ. ಪಾಟಲಿಪುತ್ರದ ಅರಸನು ಇಷ್ಟು ದೂರದ ಬಂಡೆಯ ಮೇಲೆ ಇಟ್ಟ ನಿಧಿ ಇದು. ಅಕ್ಷರಗಳು ಸವೆದಿವೆ, ಆದರೂ ಹೆಸರಿರುವ ಸಾಲಿನ ಮುಂದೆ ನಿಂತು ನಮ್ಮ ಸೋದರಳಿಯನು ಬಹಳ ಹೊತ್ತು ಮಾತನಾಡಲಿಲ್ಲ.

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವಷ್ಟರಲ್ಲಿ ಭೂಮಿಯ ಸ್ವರೂಪವು ಮತ್ತೆ ಬದಲಾಗುವುದು. 1905ರವರೆಗೆ ಲಿಂಗಸುಗೂರು ತಾನೇ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಇದೇ ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನವನ್ನು ತೆಗೆಯುವರು. ಅಲ್ಲಿ ನಮ್ಮ ಪೂರ್ವಿಕರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಆರುನೂರು ಅಡಿಗೂ ಮಿಕ್ಕ ಆಳಕ್ಕೆ ಬಂಡೆಯನ್ನು ಕೊರೆದು ಇಳಿದಿದ್ದರೆಂಬುದಕ್ಕೆ ಗುರುತುಗಳು ದೊರೆತಿವೆ. ಆ ಚಿನ್ನವೆಲ್ಲ ಎಲ್ಲಿ ಹೋಯಿತು? ಕರಗಿ ಕರಗಿ ಸಾವಿರ ಕೈಗಳನ್ನು ದಾಟಿ ಹೋಯಿತು. ಒಂದು ಗುಂಜಿಯನ್ನಾದರೂ ಇದು ಅಂದಿನ ಹಟ್ಟಿಯ ಚಿನ್ನವೆಂದು ಹೇಳಬಲ್ಲವರಿಲ್ಲ. ಮಸ್ಕಿಯ ಹೆಸರು ಮಾತ್ರ ಇಟ್ಟಲ್ಲಿಯೇ ಇದೆ.

ಹತ್ತಿರದ ಮುದಗಲ್ಲು ಕೋಟೆಗೂ, ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ನಡೆಸುವ ಮೊಹರಮ್ಮಿಗೂ ಹೆಸರಾದುದು. ಆ ಹಬ್ಬದ ವಿಶೇಷ ತಿನಿಸು ಚೊಂಗೆ. ಗೋದಿಯ ಹಿಟ್ಟಿನ ಹಾಳೆಯನ್ನು ಕೆತ್ತನೆಯ ಮಣೆಯ ಮೇಲೆ ಒತ್ತಿ, ಚಿತ್ತಾರ ಮೂಡಿದ ಮೇಲೆ ಬೇಯಿಸಿ, ಬೆಲ್ಲವನ್ನು ಸೇರಿಸುವರು. ಮಣೆಯಿಲ್ಲದಿದ್ದರೆ ಚಿತ್ತಾರವಿಲ್ಲ. ತಿಂಡಿಗೂ ಸಾಮಾನಿಗೂ ಇರುವ ಸಂಬಂಧ ಇಂಥದು. ಒಂದು ಮನೆಯಿಂದ ಹೋದರೆ ಇನ್ನೊಂದೂ ಮೆಲ್ಲನೆ ಹೊರಡುವುದು.

ಲಿಂಗಸುಗೂರಿನ ಪೇಟೆಯ ಬಾಂಡೆ ಅಂಗಡಿಯೊಂದರ ಮುಂದೆ ನಾವು ನಿಂತುದು ಹಳೆಯ ವಸ್ತುಗಳ ಮೇಲಿನ ಆಸೆಯಿಂದಲೇ. ಒಳಗೆ ಹೊಸ ಸ್ಟೀಲಿನ ಪಾತ್ರೆಗಳ ಥಳಥಳ. ಹೊರಗೆ ಗೋಣಿಯ ಮೇಲೆ ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಕಂಚಿನ ಬಟ್ಟಲು, ಸೊಟ್ಟಾದ ಸಮೆಗಳ ರಾಶಿ. ಎಲ್ಲವನ್ನೂ ತೂಕದ ಮೇಲೆ ಕೊಂಡು ಕರಗಿಸಲು ಕಳುಹಿಸುವರು. ಅಷ್ಟರಲ್ಲಿ ಐವತ್ತರ ವಯಸ್ಸಿನ ಗೃಹಿಣಿಯೊಬ್ಬಳು ಚೀಲದಿಂದ ಹಿತ್ತಾಳೆಯ ಚಕ್ಕುಲಿ ಒರಳನ್ನು ತೆಗೆದು ತಕ್ಕಡಿಯಲ್ಲಿಟ್ಟಳು.

“ಒತ್ತಾಕ ಕೈಯಾಗ ಕಸುವು ಬೇಕ್ರಿ. ನಮ್ಮ ಸೊಸಿ ಅಂಗಡ್ಯಾಗ ತಂದ್ರ ಆತು ಅಂತಾಳ. ಒಂದು ಸ್ಟೀಲ್ ಡಬ್ಬಿ ಕೊಡ್ರಿ” ಎಂದಳು.

ಒರಳಿನ ಹೊಟ್ಟೆಯ ಮೇಲೆ ಚಾಣದ ಮೊನೆಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರಗಳು ನಮಗೆ ಕಂಡುವು.

“ತಂಗೀ, ಒಂದು ಗಳಿಗೆ ತಾಳವ್ವಾ” ಎಂದು ಅದನ್ನು ಕೈಗೆ ತೆಗೆದುಕೊಂಡೆವು.

“ಏನೈತ್ರೀ ಅಣ್ಣಾರ ಅದರಾಗ?”

ಕಿಲುಬನ್ನು ಒರಸಿ ಓದಿದೆವು: ಒಬ್ಬ ಹೆಂಗಸಿನ ಹೆಸರು, ಒಂದು ಹಳ್ಳಿಯ ಹೆಸರು, ಪ್ಲವಂಗ ಸಂವತ್ಸರ. ಪ್ಲವಂಗವೆಂದರೆ 1967 ಆಗಬಹುದು, ಅರವತ್ತು ವರ್ಷ ಹಿಂದಿನ 1907ಾದರೂ ಆಗಬಹುದು. ಆ ಹೆಸರನ್ನು ಕೇಳಿ ಅವಳು ಸುಮ್ಮನಾದಳು. ಅನಂತರ, “ಅದು ನಮ್ಮತ್ತಿಯವರ ತಾಯಿ ಹೆಸರ್ರಿ. ಅತ್ತಿಯವರ ಲಗ್ನದಾಗ ಕೊಟ್ಟಿದ್ದಿರಬೇಕು. ಅವರು ಇರೋತನಕ ದೀಪಾವಳಿಗೆ ಇದನ್ನ ಯಾರ ಕೈಯಾಗೂ ಕೊಡ್ತಿದ್ದಿಲ್ಲ. ಇದರಾಗ ಹೆಸರೈತಂತ ನನಗ ಗೊತ್ತಿದ್ದಿಲ್ಲ” ಎಂದಳು. ಸಂವತ್ಸರದ ಸಂದೇಹ ಹೀಗೆ ಹೆಸರಿನಿಂದಲೇ ಬಗೆಹರಿಯಿತು. ಅದು 1967ರ ಲಗ್ನದ ಉಡುಗೊರೆ. ಅವಳು ಒರಳನ್ನು ತಕ್ಕಡಿಗೆ ಮರಳಿ ಇಡಲಿಲ್ಲ. ಸೆರಗಿನಿಂದ ಒರಸಿ ಚೀಲದಲ್ಲಿಟ್ಟುಕೊಂಡು, ಹಣವನ್ನೇ ಕೊಟ್ಟು ಡಬ್ಬಿಯನ್ನು ಕೊಂಡಳು. ಅಂಗಡಿಯಾತನು ನಕ್ಕು, “ಮಾಸ್ತರ್ರೀ, ನೀವು ದಿನಾ ಬಂದ್ರ ನಾನು ಅಂಗಡಿ ಮುಚ್ಚಬೇಕಾಗತೈತಿ” ಎಂದನು. ಆದರೂ ರಾಶಿಯಲ್ಲಿದ್ದ ಇನ್ನೆರಡು ಕೊಡಗಳನ್ನು ತಿರುವಿ, ಅವುಗಳಲ್ಲಿಯೂ ಅಕ್ಷರವುಂಟೇ ಎಂದು ತಾನೇ ನೋಡತೊಡಗಿದನು. ಉಂಟಾಗಿತ್ತು. ಅವುಗಳ ಮನೆಯವರು ಮಾತ್ರ ಹೋಗಿಬಿಟ್ಟಿದ್ದರು.

ಹಳೆಯದನ್ನು ಹುಡುಕುವ ಆನಂದಕ್ಕೆ ಇನ್ನೊಂದು ವಿಕಾರವಾದ ಮುಖವೂ ಉಂಟು. ನಿಧಿಯಿದೆಯೆಂಬ ಭ್ರಮೆಯಿಂದ ಪಾಳುಗುಡಿಗಳ ಗರ್ಭಗೃಹವನ್ನು ಅಗೆಯುವವರು, ನಂದಿಯ ಹೊಟ್ಟೆಯನ್ನು ಒಡೆಯುವವರು, ವೀರಗಲ್ಲುಗಳನ್ನು ಕಿತ್ತುಹಾಕುವವರು ನಮ್ಮ ನಾಡಿನಲ್ಲಿ ಇದ್ದಾರೆ. ಅವರಿಗೆ ಸಾಮಾನ್ಯವಾಗಿ ಸಿಕ್ಕುವುದು ಮಣ್ಣು. ಕಳೆಯುವುದು ಊರಿನ ಚರಿತ್ರೆ. ನೆಲದಲ್ಲಿ ದೊರೆತ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಾಯಿದೆಯು ನಮ್ಮ ದೇಶದಲ್ಲಿ 1878ರಷ್ಟು ಹಿಂದೆಯೇ ಆಯಿತು. ನೂರು ವರ್ಷ ಮೀರಿದ ಪುರಾತನ ವಸ್ತುಗಳನ್ನು ರಕ್ಷಿಸುವ ಕಾಯಿದೆಯು 1972ರದು. ಹೊಲದಲ್ಲಿಯೋ ಹಿತ್ತಲಿನಲ್ಲಿಯೋ ಅಕ್ಷರದ ಕಲ್ಲು, ನಾಣ್ಯ, ವಿಗ್ರಹಗಳು ಕಂಡುಬಂದರೆ ಅವುಗಳನ್ನು ಉಜ್ಜದೆ, ಕೆತ್ತದೆ, ಸ್ಥಳದಿಂದ ಕದಲಿಸದೆ ತಹಸೀಲ್ದಾರರ ಕಚೇರಿಗೆ ತಿಳಿಸುವುದು ಗೃಹಸ್ಥರ ಧರ್ಮ. ದೊರೆತ ಸ್ಥಳವೇ ಅರ್ಧ ಚರಿತ್ರೆಯನ್ನು ಹೇಳುವುದು.

ಮನೆಯೊಳಗಿನ ಶೋಧಕ್ಕಾದರೋ ಯಾವ ಅಪ್ಪಣೆಯೂ ಬೇಡ. ಹಬ್ಬವು ಬಂದಾಗ ಅಟ್ಟದ ಮೇಲಿನ ಸಾಮಾನುಗಳು ಹೇಗೂ ಕೆಳಗಿಳಿಯುವುವು. ಬೆಳಗುವಾಗ ಹೆಸರಿರುವ ಕಡೆಯಲ್ಲಿ ಒರಟಾದ ಪುಡಿಯನ್ನು ಹಾಕಿ ತಿಕ್ಕಬಾರದು. ಹುಣಸೆಯ ಹಣ್ಣಿನಿಂದ ಮೃದುವಾಗಿ ತೊಳೆದರೆ ಸಾಕು. ಓದಿದ ಹೆಸರು, ಊರು, ಸಂವತ್ಸರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮನೆಯ ಹಿರಿಯರು ಇರುವಾಗಲೇ ಅದು ಯಾರ ಹೆಸರೆಂದು ಕೇಳಬೇಕು. ಏಕೆಂದರೆ ಆ ಲಿಪಿಯನ್ನು ಮುಂದೆ ಓದುವವರು ಎಷ್ಟು ಮಂದಿಯಾದರೂ ಸಿಕ್ಕಾರು, ಆ ಮನುಷ್ಯರನ್ನು ಕಂಡವರು ಸಿಕ್ಕಲಾರರು. ಬಳಿಕ ಒರಳಿಗೆ ಎಣ್ಣೆಯನ್ನು ಸವರಿ, ಹಿಟ್ಟನ್ನು ತುಂಬಿ, ಒಂದು ಒಬ್ಬೆಯಷ್ಟಾದರೂ ಚಕ್ಕುಲಿಯನ್ನು ಮನೆಯಲ್ಲಿಯೇ ಒತ್ತಬೇಕು. ತಿರುವಲು ಕೈಯಲ್ಲಿ ಕಸುವಿಲ್ಲದಿದ್ದರೆ ಗಂಡುಮಕ್ಕಳು ತಿರುವಲಿ.